ಮಲ್ ದ್ವೀಪದಲ್ಲಿ ಒಂದು ವಾರ (ಸ್ಕಾಟ್ಲೆಂಡ್): ಹಡಗು, ಮನೆ, ದೋಣಿ, ಊಟ

ತುಂಗಾತೀರ

ಮೇ ಕೊನೆಯ ವಾರದ ಹಾಫ್ ಟರ್ಮ್ (ಶಾಲೆಯ ನಡುವಿನ ಒಂದು ವಾರದ) ರಜೆಗೆ ಮಲ್ ದ್ವೀಪಕ್ಕೆ ಹೋಗುವ ಯೋಚನೆ. ಶನಿವಾರದಿಂದ ಶನಿವಾರ, ಏಳು ರಾತ್ರಿ. ಹೊರಡುವುದು ಇಂಗ್ಲೆಂಡಿನ ರೆಡಿಂಗ್‌ನಿಂದ. ನಾವಿಬ್ಬರು, ಒಂಬತ್ತು ವರ್ಷದ ಮಗಳು, ಶಿವಮೊಗ್ಗದಿಂದ ಬರುವ ಅಮ್ಮ. ಅಮ್ಮನಿಗೆ 68. ಸಮತಟ್ಟು ಜಾಗದಲ್ಲಿ ಚೆನ್ನಾಗಿ ನಡೆಯುತ್ತಾರೆ, ಮೊಣಕಾಲಿನಿಂದಾಗಿ ಮೆಟ್ಟಿಲು ಕಷ್ಟ. ಎಲ್ಲರೂ ಸಸ್ಯಾಹಾರಿಗಳು. ಮಗಳಿಗೆ ಪಫಿನ್ ಹಕ್ಕಿ ನೋಡಬೇಕು, ಅಮ್ಮನಿಗೆ ಪಕ್ಕದ ಅಯೋನಾ ದ್ವೀಪದ ಮಠ ನೋಡಬೇಕು. ಮೊದಲು ಏನು ಬುಕ್ ಮಾಡಬೇಕು, ಎಲ್ಲಿ ಉಳಿಯಬೇಕು, ಕಾರು ಬೇಕೇ ಬೇಕೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಕ್ಲೈಡ್ ಕನ್ನಡಿಗ

ಮೊದಲು ಹಡಗು, ಆಮೇಲೆ ಮನೆ. ಹೆಚ್ಚಿನವರು ಮನೆ ಹಿಡಿದು ದುಡ್ಡು ಕಟ್ಟಿ ಆಮೇಲೆ ಹಡಗು ಕಂಪನಿ ಕ್ಯಾಲ್‌ಮ್ಯಾಕ್‌ನ ಸೈಟ್ ತೆರೆಯುತ್ತಾರೆ. ಅಷ್ಟೊತ್ತಿಗೆ ಶನಿವಾರದ ಕಾರಿನ ಜಾಗ ಮುಗಿದಿರುತ್ತದೆ. ದ್ವೀಪದ ವಾರದ ಬಾಡಿಗೆ ಮನೆಗಳು ಹೆಚ್ಚಾಗಿ ಶನಿವಾರವೇ ಖಾಲಿಯಾಗಿ ಶನಿವಾರವೇ ತುಂಬುವುದರಿಂದ ಆ ದಿನ ಈಚೆ ದಡದ ಓಬನ್‌ನಿಂದ ಮಲ್‌ನ ಕ್ರೇಗ್ನ್ಯೂರ್‌ಗೆ ಓಡುವ ಹಡಗಿಗೆ ಎರಡೂ ಕಡೆಯಿಂದ ನೂಕುನುಗ್ಗಲು. ಬೇಸಿಗೆಯ ವೇಳಾಪಟ್ಟಿಗೆ ಬುಕಿಂಗ್ ತೆರೆದ ಕೂಡಲೇ ಹೋಗುವುದು, ಬರುವುದು ಎರಡನ್ನೂ ಹಿಡಿಯಿರಿ. ಕಾರಿಲ್ಲದ ಪ್ರಯಾಣಿಕರಿಗೆ ಸಾಮಾನ್ಯವಾಗಿ ಜಾಗ ಸಿಗುತ್ತದೆ. ಕಷ್ಟ ಇರುವುದು ಕಾರಿನ ಡೆಕ್ಕಿನದು.

ಹಡಗಿನ ಪ್ರಯಾಣ 50 ನಿಮಿಷದೊಳಗೆ ಮುಗಿಯುತ್ತದೆ. ಹೊರಡುವ ಮುಕ್ಕಾಲು ಗಂಟೆ ಮೊದಲೇ ಓಬನ್‌ನ ಸಾಲಿನಲ್ಲಿ ನಿಂತಿರಿ. ಚೆಕ್-ಇನ್ ಮುಚ್ಚಿದರೆ ನಿಮ್ಮ ಜಾಗ ಸ್ಟ್ಯಾಂಡ್‌ಬೈ ಸಾಲಿನಲ್ಲಿರುವ ಕಾರಿಗೆ ಹೋಗುತ್ತದೆ. ಅಮ್ಮನ ಮೊಣಕಾಲಿನ ವಿಷಯವನ್ನು ಚೆಕ್-ಇನ್‌ನಲ್ಲೇ ಹೇಳಿದರೆ ಕಾರನ್ನು ಲಿಫ್ಟ್ ಹತ್ತಿರ ನಿಲ್ಲಿಸಲು ಬಿಡುತ್ತಾರೆ. ಕೇಳದಿದ್ದರೆ ಕಡಿದಾದ ಕಬ್ಬಿಣದ ಮೆಟ್ಟಿಲೇ ಗತಿ. ಹಡಗು ಹೊರಟ ಮೇಲೆ ಕಾರಿನಲ್ಲಿ ಕೂರಲು ಬಿಡುವುದಿಲ್ಲ, ಜಾಕೆಟ್ಟು, ಔಷಧಿ, ನೀರು ಮೊದಲೇ ಕೈಗೆ ತೆಗೆದುಕೊಳ್ಳಿ. ಹೋಗುವಾಗ ಎಡಗಡೆ ನಿಲ್ಲಿ, ಡುವಾರ್ಟ್ ಕೋಟೆ ಆ ಕಡೆ. ಬಲಕ್ಕೆ ಲಿಸ್ಮೋರ್ ದೀಪಸ್ತಂಭ.

ಓಬನ್ ಹಡಗಿನಲ್ಲಿ ಜಾಗವೇ ಇಲ್ಲದಿದ್ದರೆ ಎರಡನೇ ದಾರಿ ಲಾಕ್‌ಆಲಿನ್–ಫಿಶ್ನಿಶ್. ಇದಕ್ಕೆ ಬುಕಿಂಗ್ ಇಲ್ಲ, ಬಂದ ಸಾಲಿನಲ್ಲಿ ಹತ್ತಿಸುತ್ತಾರೆ, ದಾಟಲು 20 ನಿಮಿಷ ಸಾಕು. ಆದರೆ ಲಾಕ್‌ಆಲಿನ್ ಮುಟ್ಟಬೇಕಾದರೆ ಗ್ಲೆಂಕೋ ದಾಟಿ, ಕೊರಾನ್‌ನಲ್ಲಿ ಇನ್ನೊಂದು ಚಿಕ್ಕ ಹಡಗು ಹತ್ತಿ, ಮಾರ್ವೆನ್‌ನ ಕಿರಿದಾದ ರಸ್ತೆಯಲ್ಲಿ ಹೋಗಬೇಕು. ಓಬನ್ ಹಡಗು ರದ್ದಾದಾಗ ಇದೇ ಕೈಹಿಡಿಯುವ ದಾರಿ, ಅದಕ್ಕೇ ಗೊತ್ತಿರಲಿ. ಕೊರಾನ್ ಹಡಗು ಓಡುತ್ತಿದೆಯೇ ಎಂದು ಅವತ್ತೇ ನೋಡಿಕೊಂಡು ಹೊರಡಿ.

ಕಾರು ಬೇಕು. ಅಮ್ಮ ಜೊತೆಗಿರುವಾಗ ಅದರಲ್ಲಿ ಎರಡು ಮಾತಿಲ್ಲ. ರೆಡಿಂಗ್‌ನಿಂದ ಓಬನ್‌ವರೆಗೆ ಒಂದೇ ದಿನ ಓಡಿಸಬೇಡಿ. ಹೀಥ್ರೋದಿಂದ ಗ್ಲಾಸ್ಗೋಗೆ ವಿಮಾನ, ಅಲ್ಲಿ ಏರ್‌ಪೋರ್ಟಿನಲ್ಲೇ ಕಾರು. ಅಲ್ಲಿಂದ ಅರ್ಸ್ಕಿನ್ ಸೇತುವೆ ದಾಟಿದರೆ ಊರೊಳಗೆ ಸಿಲುಕದೆ ನೇರ ಎ82 ರಸ್ತೆ ಸಿಗುತ್ತದೆ. ಲಾಕ್ ಲೋಮಂಡ್ ದಡ (ಲಾಕ್ ಎಂದರೆ ಅಲ್ಲಿ ಸರೋವರ ಅಥವಾ ಕಡಲಿನ ಸೀಳು), ಕ್ರಿಯನ್‌ಲಾರಿಕ್, ಟಿಂಡ್ರಮ್, ಅಲ್ಲಿಂದ ಎ85 ಹಿಡಿದು ಓಬನ್. ಎರಡೂವರೆ ಗಂಟೆ ಎನ್ನುತ್ತದೆ ಮ್ಯಾಪು, ನೀವು ಮೂರೂವರೆ ಇಟ್ಟುಕೊಳ್ಳಿ. ಟಾರ್ಬೆಟ್‌ನಿಂದ ಆರ್ಡ್ಲುಯಿವರೆಗೆ ರಸ್ತೆ ಬಹಳ ಕಿರಿದು, ಲಾರಿ ಎದುರಾದರೆ ಸಾಲು ನಿಲ್ಲುತ್ತದೆ. ಇನ್‌ವರಾರಿ ಮೇಲೆ ಹೋಗುವ ಎ83 ಕೂಡ ಇದೆ, ಆದರೆ ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್ ಕಣಿವೆಯಲ್ಲಿ ಜೋರು ಮಳೆಗೆ ಗುಡ್ಡ ಜರುಗುವುದರಿಂದ ಹವಾಮಾನ ನೋಡಿ ಆರಿಸಿಕೊಳ್ಳಿ.

ಬಾಡಿಗೆ ಕಾರು ಆಟೋಮ್ಯಾಟಿಕ್ ಬೇಕಿದ್ದರೆ ಬುಕ್ ಮಾಡುವಾಗಲೇ ಅದನ್ನೇ ಆರಿಸಿ. ಭಾರತದ ಲೈಸೆನ್ಸ್ ಇರುವವರು ಗ್ರೇಟ್ ಬ್ರಿಟನ್‌ನಲ್ಲಿ ಮೊದಲ 12 ತಿಂಗಳು ಓಡಿಸಬಹುದು. ಕಾರನ್ನು ಹಡಗಿನಲ್ಲಿ ಒಯ್ಯಲು ಒಪ್ಪಿಗೆ ಇದೆಯೇ ಎಂದು ಕರಾರಿನಲ್ಲಿ ನೋಡಿಕೊಳ್ಳಿ.

ಹಳಿಬಂಡಿ

ಕಾರಿಲ್ಲದೆ ಹೋಗುವವರೂ ಈ ಚರ್ಚೆ ಓದಬಹುದು, ಅವರಿಗಾಗಿ. ಗ್ಲಾಸ್ಗೋ ಕ್ವೀನ್ ಸ್ಟ್ರೀಟ್‌ನಿಂದ ಓಬನ್‌ಗೆ ರೈಲು ಮೂರು ಗಂಟೆ ಚಿಲ್ಲರೆ. ಹಲವು ರೈಲುಗಳು ಕ್ರಿಯನ್‌ಲಾರಿಕ್‌ನಲ್ಲಿ ಎರಡಾಗುತ್ತವೆ, ಅರ್ಧ ಓಬನ್‌ಗೆ, ಅರ್ಧ ಫೋರ್ಟ್ ವಿಲಿಯಂ ಮತ್ತು ಮಲ್ಲೇಗ್ ಕಡೆಗೆ. ತಪ್ಪು ಬೋಗಿಯಲ್ಲಿ ಕೂತರೆ ಇನ್ನೆಲ್ಲೋ ಇಳಿಯುತ್ತೀರಿ. ಬಾಗಿಲ ಮೇಲಿನ ಫಲಕ ನೋಡಿ ಹತ್ತಿ. ಎಡಗಡೆ ಕೂತರೆ ಕ್ಲೈಡ್, ಗೇರ್ ಲಾಕ್, ಲಾಕ್ ಲಾಂಗ್, ಕೊನೆಗೆ ಲಾಕ್ ಆ (Loch Awe). ಲಾಕ್ ಲೋಮಂಡ್ ಮಾತ್ರ ಬಲಗಡೆ. ಓಬನ್‌ನಲ್ಲಿ ರೈಲು ನಿಲ್ದಾಣದ ಪಕ್ಕದಲ್ಲೇ ಹಡಗುಕಟ್ಟೆ.

ಕ್ರೇಗ್ನ್ಯೂರ್‌ನಲ್ಲಿ ಹಡಗಿನ ಹೊತ್ತಿಗೆ ಹೊಂದುವಂತೆ ಬಸ್ಸುಗಳಿವೆ. ಉತ್ತರಕ್ಕೆ ಸಾಲೆನ್ ಮೇಲೆ ಟೋಬರ್ಮೋರಿ, ನೈಋತ್ಯಕ್ಕೆ ಬನೆಸನ್ ಮೇಲೆ ಫಿನ್ನಫರ್ಟ್. ದಿನಕ್ಕೆ ಕೆಲವೇ ಬಸ್ಸು, ಭಾನುವಾರ ಇನ್ನೂ ಕಡಿಮೆ. ಕೊನೆಯ ಬಸ್ಸಿನ ಹೊತ್ತು ಮೊದಲು ಬರೆದಿಟ್ಟುಕೊಂಡು ಆಮೇಲೆ ದಿನದ ಯೋಜನೆ ಹಾಕಿ.

ಹಕ್ಕಿನೋಟ

ಮಗಳಿಗೆ ಪಫಿನ್ ಸಿಗುತ್ತದೆ, ಮೇ ಕೊನೆ ಅದಕ್ಕೆ ಒಳ್ಳೆಯ ಸಮಯ. ಏಪ್ರಿಲ್ ಮಧ್ಯದಲ್ಲಿ ಬಂದು ಬಿಲಗಳಲ್ಲಿ ಮೊಟ್ಟೆಯಿಟ್ಟು, ಆಗಸ್ಟ್ ಶುರುವಿನಲ್ಲಿ ಕಡಲಿಗೆ ಮರಳುತ್ತವೆ. ಆಗಸ್ಟ್ ರಜೆಗೆ ಬಂದವರಿಗೆ ಸಿಗುವುದು ಖಾಲಿ ಬಿಲ.

ಎರಡು ಚಿಕ್ಕ ದ್ವೀಪಗಳಿವೆ, ದೋಣಿಯಲ್ಲಿ ಹೋಗಬೇಕು: ಟ್ರೆಶ್ನಿಶ್ ಗುಂಪಿನ ಲುಂಗಾ, ಮತ್ತು ಸ್ಟಾಫಾ. ಲುಂಗಾದಲ್ಲಿ ಹಕ್ಕಿ ಬಹಳ. ಪಫಿನ್ ಮಾತ್ರವಲ್ಲ, ಹಾರ್ಪ್ ರಾಕ್ ಎಂಬ ಬಂಡೆಯ ತುಂಬ ಗಿಲೆಮಾಟ್‌ಗಳು. ಆದರೆ ಅಲ್ಲಿ ಕಟ್ಟೆಯಿಲ್ಲ. ದೋಣಿಯಿಂದ ತೇಲುವ ಹಲಗೆ, ಹಲಗೆಯಿಂದ ಪಾಚಿಗಟ್ಟಿದ ಉರುಟು ಬಂಡೆಗಳು, ಅವನ್ನು ದಾಟಿ ಕಡಿದಾದ ಕಾಲುದಾರಿ. ಅಮ್ಮನನ್ನು ಅಲ್ಲಿಗೆ ಕರೆದೊಯ್ಯಬೇಡಿ. ಸ್ಟಾಫಾದಲ್ಲಿ ಕಟ್ಟೆಯಿದೆ, ಕೈಹಿಡಿ ಇರುವ ಕಡಿದಾದ ಮೆಟ್ಟಿಲಿದೆ, ಮೇಲೆ ಹುಲ್ಲುಗಾವಲಿನ ಅಂಚಿನಲ್ಲಿ ಪಫಿನ್‌ಗಳಿವೆ. ಅಂಚಿನಿಂದ ಕೆಲವು ಹೆಜ್ಜೆ ಹಿಂದೆ ಕೂತು ಸುಮ್ಮನಿದ್ದರೆ ಅವೇ ಹತ್ತಿರ ಬರುತ್ತವೆ. ಮನುಷ್ಯರಿದ್ದರೆ ದೊಡ್ಡ ಗಲ್ ಹಕ್ಕಿಗಳು ದೂರ ಉಳಿಯುತ್ತವೆ ಎಂಬುದು ಅವಕ್ಕೆ ಗೊತ್ತು. ಬಿಲಗಳ ಮೇಲೆ ಕಾಲಿಡಬೇಡಿ, ಮಣ್ಣು ಕುಸಿದರೆ ಒಳಗಿನ ಮರಿ ಸಾಯುತ್ತದೆ.

ಈಗ ಮುಖ್ಯ ವಿಷಯ. ದೋಣಿ ಹೊರಟಿತು ಎಂದರೆ ದ್ವೀಪದಲ್ಲಿ ಇಳಿಸುತ್ತಾರೆ ಎಂದಲ್ಲ. ಅವತ್ತು ಗಾಳಿ ನಿಂತಿದ್ದರೂ ಹಿಂದಿನ ದಿನದ ಬಿರುಗಾಳಿಯ ಉಬ್ಬಲೆ ಅಟ್ಲಾಂಟಿಕ್‌ನಿಂದ ಬರುತ್ತಲೇ ಇರುತ್ತದೆ. ಆ ಅಲೆ ಕಟ್ಟೆಯ ಬಳಿ ದೋಣಿಯನ್ನು ಒಂದು ಮೀಟರ್ ಎತ್ತಿ ಇಳಿಸುತ್ತಿದ್ದರೆ ನಾವಿಕರು ಯಾರನ್ನೂ ಇಳಿಸುವುದಿಲ್ಲ, ಇಳಿಸಬಾರದು ಕೂಡ. ಹಾಗಾಗಿ ದೋಣಿಯನ್ನು ವಾರದ ಮೊದಲ ದಿನಗಳಲ್ಲೇ, ಸೋಮವಾರವೋ ಮಂಗಳವಾರವೋ ಬುಕ್ ಮಾಡಿ, ಗುರುವಾರವನ್ನು ಪೂರ್ತಿ ಖಾಲಿ ಬಿಡಿ. ಹವೆ ಕೆಟ್ಟು ರದ್ದಾದರೆ ದುಡ್ಡು ವಾಪಸ್ ಅಥವಾ ಬೇರೆ ದಿನ ಕೊಡುವುದು ಅಲ್ಲಿ ರೂಢಿ. ಶುಕ್ರವಾರಕ್ಕೆ ಇಟ್ಟುಕೊಂಡವರಿಗೆ ಬೇರೆ ದಿನವೇ ಉಳಿದಿರುವುದಿಲ್ಲ. ಮಲ್ ಪ್ರವಾಸವನ್ನು ಕಡಲು ನೋಡಿ ಹೊಂದಿಸಬೇಕು, ನೋಡುವ ಜಾಗಗಳ ಪಟ್ಟಿ ನೋಡಿ ಅಲ್ಲ.

ತುಂಗಾತೀರ

ಎಲ್ಲರಿಗೂ ವಂದನೆ. ಹಡಗು ಮೊದಲು ಎಂಬುದು ಅರ್ಥವಾಯಿತು. ಮನೆಯ ವಿಷಯ: ಟೋಬರ್ಮೋರಿಯಲ್ಲಿ ಒಂದು, ಸಾಲೆನ್ ಹತ್ತಿರ ಒಂದು, ಬನೆಸನ್‌ನಲ್ಲಿ ಒಂದು ಕಾಣುತ್ತಿದೆ. ಮ್ಯಾಪಿನಲ್ಲಿ ದ್ವೀಪ ಚಿಕ್ಕದಾಗಿದೆ, ಎಲ್ಲಿದ್ದರೂ ನಡೆಯುತ್ತದಲ್ಲವೇ?

ಕ್ಲೈಡ್ ಕನ್ನಡಿಗ

ಇಲ್ಲ, ಅಲ್ಲೇ ಲೆಕ್ಕ ತಪ್ಪುವುದು. ಮಲ್ 875 ಚದರ ಕಿ.ಮೀ. ಇದೆ, ಆದರೆ ಕಡಲಿನ ಸೀಳುಗಳು ಒಳಗೆ ಹೊಕ್ಕಿರುವುದರಿಂದ ರಸ್ತೆಗಳೆಲ್ಲ ಸುತ್ತುಬಳಸು. ಕ್ರೇಗ್ನ್ಯೂರ್‌ನಿಂದ ಟೋಬರ್ಮೋರಿ 34 ಕಿ.ಮೀ., ಮುಕ್ಕಾಲು ಗಂಟೆ. ಕ್ರೇಗ್ನ್ಯೂರ್‌ನಿಂದ ಫಿನ್ನಫರ್ಟ್ ಸುಮಾರು 60 ಕಿ.ಮೀ., ಒಂದೂಕಾಲು ಗಂಟೆಗೆ ಕಡಿಮೆಯಿಲ್ಲ. ಟೋಬರ್ಮೋರಿಯಲ್ಲಿ ಉಳಿದು ಅಯೋನಾಕ್ಕೆ ಹೋಗಿಬರುವುದೆಂದರೆ ನಾಲ್ಕು ಗಂಟೆ ಕಾರಿನಲ್ಲೇ.

ಬಹುಪಾಲು ರಸ್ತೆ ಸಿಂಗಲ್ ಟ್ರ್ಯಾಕ್, ಅಂದರೆ ಒಂದು ಕಾರಿನ ಅಗಲ, ಅಲ್ಲಲ್ಲಿ ಪಾಸಿಂಗ್ ಪ್ಲೇಸ್. ಸರಾಸರಿ ಗಂಟೆಗೆ 40 ಕಿ.ಮೀ. ಎಂದು ಎಣಿಸಿ. ಎದುರಿಗೆ ವಾಹನ ಕಂಡ ಕೂಡಲೇ ಹತ್ತಿರದ ಜಾಗ ನೋಡಿ. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ತಿರುಗಿಸಿ ನಿಲ್ಲಿ. ಬಲಕ್ಕಿದ್ದರೆ ನಿಮ್ಮ ಸಾಲಿನಲ್ಲೇ ಅದರ ಎದುರಿಗೆ ನಿಲ್ಲಿ, ಎದುರಿನವರು ಅದರೊಳಗೆ ಸುತ್ತಿ ಹೋಗುತ್ತಾರೆ. ರಸ್ತೆ ದಾಟಿ ಬಲಗಡೆಯ ಜಾಗಕ್ಕೆ ನುಗ್ಗಬೇಡಿ. ಹಿಂದೆ ಬರುವವರಿಗೂ ಇದೇ ಜಾಗದಲ್ಲಿ ದಾರಿ ಬಿಡಬೇಕು. ನಿಮಗೆ ಅದು ರಜೆ, ಹಿಂದಿರುವವರು ಹಡಗು ಹಿಡಿಯಲು ಹೊರಟ ನರ್ಸೋ ಪ್ಲಂಬರೋ ಆಗಿರುತ್ತಾರೆ. ಫೋಟೋ ತೆಗೆಯಲು ಪಾಸಿಂಗ್ ಪ್ಲೇಸ್‌ನಲ್ಲಿ ಕಾರು ನಿಲ್ಲಿಸುವುದು ಅಲ್ಲಿನವರಿಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಕೆಲಸ. ಹುಲ್ಲಂಚಿಗೂ ಇಳಿಸಬೇಡಿ, ಪೀಟ್ ಮಣ್ಣು ಮೆತ್ತಗಿದ್ದು ಚಕ್ರ ಹೂತುಹೋಗುತ್ತದೆ. ಕುರಿಮರಿ ರಸ್ತೆಯ ಒಂದು ಬದಿ, ತಾಯಿ ಇನ್ನೊಂದು ಬದಿ ಇದ್ದರೆ ಮರಿ ಖಂಡಿತ ಅಡ್ಡ ಓಡುತ್ತದೆ ಎಂದುಕೊಂಡೇ ನಿಧಾನಿಸಿ.

ಒಂದೇ ಮನೆ ಬೇಕಿದ್ದರೆ ಸಾಲೆನ್ ನಡುವಿನ ಜಾಗ. ಟೋಬರ್ಮೋರಿ 16 ಕಿ.ಮೀ., ಅಂಗಡಿ ಇದೆ, ಪಶ್ಚಿಮ ದಡದ ಲಾಕ್ ನಾ ಕೀಲ್ ಐದೇ ನಿಮಿಷ. ಫಿನ್ನಫರ್ಟ್‌ಗೆ ಗ್ರಿಬನ್ ಬಂಡೆಯ ಕೆಳಗಿನ ಬಿ8035 ಹಿಡಿದರೆ ಒಂದೂವರೆ ಗಂಟೆ. ನೋಟ ಅದ್ಭುತ, ಆದರೆ ಒಂದು ಬದಿ ಕಡಿದಾದ ಬಂಡೆ, ಇನ್ನೊಂದು ಬದಿ ಕಡಲು. ಕಲ್ಲು ಉದುರುವ ಜಾಗ, ಅಲ್ಲಿ ನಿಲ್ಲಬೇಡಿ.

ಉಪ್ಪುನೀರು

ಈ ಕುಟುಂಬಕ್ಕೆ ಸಾಲೆನ್ ಬೇಡ ಎನ್ನುತ್ತೇನೆ. ಅವರಿಗೆ ಬೇಕಾದ ಎರಡು ಮುಖ್ಯ ಜಾಗ ಅಯೋನಾ ಮತ್ತು ಸ್ಟಾಫಾ. ಎರಡಕ್ಕೂ ಫಿನ್ನಫರ್ಟ್‌ನಿಂದಲೇ ದೋಣಿ. ಹಾಗಾದರೆ ಬನೆಸನ್‌ನಲ್ಲಿ ಉಳಿಯುವುದೇ ಸರಿ, ಫಿನ್ನಫರ್ಟ್ ಅಲ್ಲಿಂದ ಹತ್ತು–ಹದಿನೈದು ನಿಮಿಷ. ಬೆಳಗ್ಗೆ ಕಡಲು ನೋಡಿ, ಚೆನ್ನಾಗಿದ್ದರೆ ಹೋಗಿ, ಇಲ್ಲದಿದ್ದರೆ ಅಲ್ಲೇ ಉಯಿಸ್ಕನ್ ಮರಳದಂಡೆಗೋ ಆರ್ಡಲನಿಶ್‌ನ ನೇಯ್ಗೆಮನೆಗೋ ಹೋಗಿ. ಒಂದೂವರೆ ಗಂಟೆ ಕಾರು ಓಡಿಸಿ ಬಂದ ಮೇಲೆ ದೋಣಿ ಇಲ್ಲ ಎಂದರೆ ಆ ದಿನವೇ ಹಾಳು.

ಇನ್ನೊಂದು ಕಾರಣ ಅಯೋನಾದ ಹೊತ್ತು. ಓಬನ್‌ನಿಂದ ಒಂದೇ ದಿನದಲ್ಲಿ ಬಂದುಹೋಗುವ ಬಸ್ಸಿನವರೆಲ್ಲ ಹನ್ನೊಂದರಿಂದ ಮೂರೂವರೆಯೊಳಗೆ ಅಲ್ಲಿರುತ್ತಾರೆ. ಹತ್ತಿರ ಉಳಿದವರು ಬೆಳಗಿನ ಮೊದಲ ದೋಣಿಗೋ ಮಧ್ಯಾಹ್ನ ಮೂರರ ಮೇಲೋ ಹೋದರೆ ದ್ವೀಪ ಬೇರೆಯೇ. ಮೇ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ, ಬೆಳಕಿನ ಚಿಂತೆಯಿಲ್ಲ. ಮರಳುವ ಕೊನೆಯ ದೋಣಿಯ ಹೊತ್ತನ್ನು ಮಾತ್ರ ಫಲಕದಲ್ಲಿ ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ.

ನನ್ನ ಸಲಹೆ: ಮೊದಲ ನಾಲ್ಕು ರಾತ್ರಿ ಬನೆಸನ್ ಅಥವಾ ಫಿನ್ನಫರ್ಟ್, ಕೊನೆಯ ಮೂರು ರಾತ್ರಿ ಟೋಬರ್ಮೋರಿ. ಹಾಫ್ ಟರ್ಮ್ ವಾರದಲ್ಲಿ ಮೂರು–ನಾಲ್ಕು ರಾತ್ರಿಗೆ ಕಾಟೇಜು ಕೊಡಲು ಒಪ್ಪದಿದ್ದರೆ ಟೋಬರ್ಮೋರಿಯಲ್ಲಿ ಬಿ ಅಂಡ್ ಬಿ ಅಥವಾ ಗೆಸ್ಟ್ ಹೌಸ್ ನೋಡಿ. ಕೊನೆಯ ದಿನ ಟೋಬರ್ಮೋರಿಯಿಂದ ಕ್ರೇಗ್ನ್ಯೂರ್ ಹತ್ತಿರ, ಶನಿವಾರ ಬೆಳಗ್ಗೆ ಧಾವಂತವಿಲ್ಲ.

ಕಡಲಕಲ್ಲು

ಸ್ಟಾಫಾದ ಬಗ್ಗೆ ಒಂದು ಮಾತು, ಮಗಳಿಗೆ ಹೇಳಲು ಚೆನ್ನಾಗಿರುತ್ತದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಅಲ್ಲಿನ ಷಟ್ಕೋನದ ಕಂಬಗಳು ನೆನಪಿರುತ್ತವೆ. ಸ್ಟಾಫಾದಲ್ಲಿಯೂ ಅದೇ ಕ್ರಿಯೆ. ದಪ್ಪ ಲಾವಾ ಹಾಸು ತಣಿಯುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಮೂಡುತ್ತದೆ, ಆ ಬಿರುಕುಗಳು ತಣ್ಣಗಾದ ಮೈಯಿಂದ ಒಳಕ್ಕೆ ಇಳಿಯುತ್ತ ಕಂಬಗಳಾಗುತ್ತವೆ. ನಿಧಾನವಾಗಿ ಒಂದೇ ಸಮನೆ ತಣಿದ ಕೆಳಭಾಗದಲ್ಲಿ ನೆಟ್ಟಗಿನ ಕಂಬ, ಬೇಗ ತಣಿದ ಮೇಲ್ಭಾಗದಲ್ಲಿ ಸೊಟ್ಟ ಸೊಟ್ಟ ಕಲ್ಲು. ದೋಣಿಯಿಂದಲೇ ಈ ಎರಡು ಪದರ ಸ್ಪಷ್ಟವಾಗಿ ಕಾಣುತ್ತವೆ, ತೋರಿಸಿ.

ಹಿನ್ನೆಲೆಯೂ ಒಂದೇ ತೆರನದು. ಮಲ್ಪೆಯ ಕಲ್ಲು ಸುಮಾರು 8.8 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರಾದಾಗಿನದು. ಸ್ಟಾಫಾದ್ದು ಅದಕ್ಕಿಂತ ಕಿರಿಯದು, ಸುಮಾರು 6 ಕೋಟಿ ವರ್ಷ ಹಿಂದೆ ಉತ್ತರ ಅಟ್ಲಾಂಟಿಕ್ ತೆರೆದುಕೊಳ್ಳುವಾಗಿನ ಬಸಾಲ್ಟ್. ಮಲ್ಪೆಯದು ಬಸಾಲ್ಟ್ ಎಂದು ಎಷ್ಟೋ ಕಡೆ ಬರೆದಿರುತ್ತಾರೆ, ಅದು ಸಿಲಿಕಾ ಹೆಚ್ಚಿರುವ ಬೇರೆ ಬಗೆಯ ಲಾವಾ. 

ಸ್ಟಾಫಾದ ಫಿಂಗಲ್ಸ್ ಗುಹೆಯನ್ನು ಹೊರಲೋಕಕ್ಕೆ ಪರಿಚಯಿಸಿದವರು ಜೋಸೆಫ್ ಬ್ಯಾಂಕ್ಸ್, 1772ರಲ್ಲಿ. ಸಂಗೀತಗಾರ ಮೆಂಡಲ್ಸನ್ 1829ರಲ್ಲಿ ಬಂದಿದ್ದರು. ಗುಹೆಗೆ ಹೋಗಲು ಕಂಬಗಳ ತಲೆಗಳೇ ಮೆಟ್ಟಿಲು, ಎತ್ತರ ಒಂದೇ ಸಮನಿಲ್ಲ, ಒದ್ದೆಯಾದರೆ ಜಾರುತ್ತವೆ. ಕಲ್ಲುಕುಸಿತದ ಭಯವಿದ್ದಾಗ ಆ ದಾರಿ ಮುಚ್ಚಿರುತ್ತಾರೆ, ಬುಕ್ ಮಾಡುವಾಗ ದೋಣಿಯವರನ್ನು ಕೇಳಿ. ದಾರಿ ಮುಚ್ಚಿದ್ದರೂ ನಾವಿಕರು ಗುಹೆಯ ಬಾಯಿಗೆ ಎದುರಾಗಿ ದೋಣಿ ನಿಲ್ಲಿಸುತ್ತಾರೆ. ಒಳಗೆ ಅಲೆ ಬಡಿಯುವ ಸದ್ದು ಅಲ್ಲಿಂದಲೇ ಕೇಳುತ್ತದೆ.

ಚಿಟಿಕೆ ಇಂಗು

ಊಟದ ವಿಷಯ ಯಾರೂ ಎತ್ತಲಿಲ್ಲ. ಕಾಟೇಜು ಹಿಡಿಯುವಾಗ ಒಲೆ ಯಾವುದು ಎಂದು ಕೇಳಿ. ಇಂಡಕ್ಷನ್ ಆಗಿದ್ದರೆ ಊರಿನಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗುವುದೇ ಇಲ್ಲ. ಇಂಡಕ್ಷನ್ ತಳದ ಮೂರು ಲೀಟರ್ ಸ್ಟೀಲ್ ಕುಕ್ಕರ್ ನಾಲ್ಕು ಜನಕ್ಕೆ ಸಾಕು, ಬಿಡಿ ಗ್ಯಾಸ್ಕೆಟ್ ಒಂದು ಜೊತೆಗಿರಲಿ. ಒಗ್ಗರಣೆ ಹಾಕುವ ಮುಂಚೆ ಚಿಮಣಿ ಫ್ಯಾನ್ ಹಾಕಿ ಕಿಟಕಿ ತೆರೆಯಿರಿ, ಒಣಮೆಣಸಿನ ಘಾಟಿಗೆ ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆ. ಅಲಾರಂ ಕಳಚುವುದು ಮಾತ್ರ ಬೇಡ.

ಏಳು ದಿನಕ್ಕೆ ನಾಲ್ಕು ಜನಕ್ಕೆ: ಅಕ್ಕಿ ಮೂರು ಕೆ.ಜಿ., ತೊಗರಿಬೇಳೆ ಒಂದು ಕೆ.ಜಿ., ಅವಲಕ್ಕಿ ಒಂದು ಕೆ.ಜಿ., ರವೆ ಒಂದು ಕೆ.ಜಿ., ಸಾರಿನಪುಡಿ 150 ಗ್ರಾಂ, ಹುಣಸೆ, ಇಂಗು, ಸಾಸಿವೆ, ಉಪ್ಪಿನಕಾಯಿ. ದಿನಕ್ಕೊಂದು ಹೊತ್ತು ಹೊರಗೆ ತಿನ್ನುವ ಲೆಕ್ಕದಲ್ಲಿ ಇದು ಸಾಕಾಗಿ ಮಿಗುತ್ತದೆ. ಇವನ್ನು ರೆಡಿಂಗ್‌ನಲ್ಲೇ ಕಟ್ಟಿಕೊಳ್ಳಿ, ಇಲ್ಲವೇ ಗ್ಲಾಸ್ಗೋದ ಆಲ್ಬರ್ಟ್ ಡ್ರೈವ್‌ನಲ್ಲಿ ಏಷ್ಯಾದ ಅಂಗಡಿಗಳಿವೆ. ತರಕಾರಿ, ಹಾಲು, ಮೊಸರಿಗೆ ಓಬನ್‌ನ ಟೆಸ್ಕೊ ಕೊನೆಯ ದೊಡ್ಡ ಅಂಗಡಿ. ದ್ವೀಪದಲ್ಲಿ ಟೋಬರ್ಮೋರಿಯ ಕೋ-ಆಪ್, ಕ್ರೇಗ್ನ್ಯೂರ್ ಮತ್ತು ಸಾಲೆನ್‌ನ ಸ್ಪಾರ್ ಇವೆ. ಹಡಗು ಎರಡು ದಿನ ನಿಂತರೆ ಬ್ರೆಡ್ಡು, ಹಾಲಿನ ಕಪಾಟು ಖಾಲಿಯಾಗುತ್ತದೆ, ಅದಕ್ಕೇ ಒಂದೆರಡು ದಿನದ್ದು ಹೆಚ್ಚಿಗೆ ಇಟ್ಟುಕೊಳ್ಳಿ.

ಅಮ್ಮ ಶಿವಮೊಗ್ಗದಿಂದ ಬರುವಾಗ ತುಪ್ಪ, ಪೇಡ, ಪನೀರ್ ತರುವುದು ಬೇಡ. ಭಾರತದಿಂದ ಹಾಲಿನ ಉತ್ಪನ್ನ, ಮಾಂಸ ಬ್ರಿಟನ್ನಿಗೆ ತರಲು ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲಿ ತೆಗೆದುಕೊಳ್ಳುತ್ತಾರೆ.

ಹೊರಗೆ ಊಟವೆಂದರೆ ಮೀನು, ಏಡಿ, ಸಿಂಪಿ. ಸಸ್ಯಾಹಾರಕ್ಕೆ ಸೂಪು, ಬೇಕ್ಡ್ ಪೊಟ್ಯಾಟೊ, ಚೀಸ್ ಟೋಸ್ಟಿ, ಒಂದೋ ಎರಡೋ ಬಿಸಿ ತಿನಿಸು. ಸೂಪಿನ ಸಾರು ಮಾಂಸದ್ದೇ ಎಂದು ಬಾಯಿಬಿಟ್ಟು ಕೇಳಿ. ಟೋಬರ್ಮೋರಿ ಹತ್ತಿರದ ಸ್ಗ್ರೀಬ್ ರುವಾ ತೋಟದ ಚೀಸ್ ಹೆಸರುವಾಸಿ, ಕಟ್ಟುನಿಟ್ಟಿನ ಸಸ್ಯಾಹಾರಿಗಳಾದರೆ ಹಾಲು ಗಟ್ಟಿಮಾಡಲು ಹಾಕಿದ ಹೆಪ್ಪು (ರೆನೆಟ್) ಪ್ರಾಣಿಯದೋ ಅಲ್ಲವೋ ಎಂದು ಕೇಳಿ ಕೊಳ್ಳಿ. ರಾತ್ರಿ ಊಟಕ್ಕೆ ಮೊದಲೇ ಟೇಬಲ್ ಹಿಡಿಯಬೇಕು, ಎಂಟರ ಮೇಲೆ ಅಡುಗೆಮನೆ ಮುಚ್ಚುವ ಜಾಗಗಳೇ ಹೆಚ್ಚು.

ಕೋಟೆಬಾಗಿಲು

ಅಮ್ಮನಿಗೆ ಅಯೋನಾ ಖಂಡಿತ ಹಿಡಿಸುತ್ತದೆ. ಐರ್ಲೆಂಡಿನಿಂದ ಬಂದ ಸಂತ ಕೊಲಂಬಾ 563ರಲ್ಲಿ ಅಲ್ಲಿ ಮಠ ಕಟ್ಟಿದರು. ಈಗ ನಿಂತಿರುವ ಕಟ್ಟಡ ಅದಕ್ಕಿಂತ ಬಹಳ ಈಚಿನದು, ಆದರೆ ಅಂಗಳದಲ್ಲಿರುವ ಸೇಂಟ್ ಮಾರ್ಟಿನ್ ಶಿಲುಬೆ ಎಂಟನೇ ಶತಮಾನದ್ದು, ಇಂದಿಗೂ ನಿಲ್ಲಿಸಿದ ಜಾಗದಲ್ಲೇ ಇದೆ. ಪ್ರವಾಸಿಗರ ಕಾರಿಗೆ ದ್ವೀಪದಲ್ಲಿ ಪ್ರವೇಶವಿಲ್ಲ. ಫಿನ್ನಫರ್ಟ್‌ನಲ್ಲಿ ಕಾರು ಬಿಟ್ಟು ಹತ್ತು ನಿಮಿಷದ ದೋಣಿ. ಹತ್ತಿ ಇಳಿಯುವುದು ಇಳಿಜಾರಿನ ಕಾಂಕ್ರೀಟ್ ಮೇಲೆ, ಅಲೆ ಬಂದು ಒದ್ದೆಯಾಗಿರುತ್ತದೆ, ಅಮ್ಮನ ಕೈಹಿಡಿದುಕೊಳ್ಳಿ, ರಬ್ಬರ್ ತಳದ ಬೂಟು ಹಾಕಿಸಿ. ಅಲ್ಲಿಂದ ಗುಲಾಬಿ ಕಲ್ಲಿನ ಸನ್ಯಾಸಿನಿಯರ ಮಠದ ಅವಶೇಷ ದಾಟಿ ಮುಖ್ಯ ಮಠದವರೆಗೆ ನಿಧಾನವಾಗಿ ಹದಿನೈದು ನಿಮಿಷ, ಹೆಚ್ಚು ಏರಿಲ್ಲ. ಅಮ್ಮ ಅಂಗಳದಲ್ಲಿ ಕೂತಿರುವಷ್ಟರಲ್ಲಿ ಮಗಳನ್ನು ‘ಡುನ್ ಈ’ ಎಂಬ ಗುಡ್ಡಕ್ಕೆ ಹತ್ತಿಸಬಹುದು, 101 ಮೀಟರ್ ಅಷ್ಟೇ.

ಕನ್ನಡಿಗರು ನೋಡಬೇಕಾದ ಇನ್ನೊಂದು ಜಾಗ ಸಾಲೆನ್ ಹತ್ತಿರ ಗ್ರುಲಿನ್‌ನಲ್ಲಿದೆ. ಪಕ್ಕದ ಉಲ್ವಾ ದ್ವೀಪದಲ್ಲಿ ಹುಟ್ಟಿದವರೆನ್ನಲಾದ, ಮುಂದೆ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ಗೆ ಗವರ್ನರ್ ಆದ ಲ್ಯಾಕ್ಲನ್ ಮಕ್ವಾರಿಯ ಸಮಾಧಿ ಅದು. ಈತ ಬ್ರಿಟಿಷ್ ಸೈನ್ಯದ ಅಧಿಕಾರಿಯಾಗಿ 1799ರಲ್ಲಿ ಟಿಪ್ಪು ಸುಲ್ತಾನ್ ಮೇಲಿನ ಯುದ್ಧದಲ್ಲಿದ್ದ. ಕಣ್ಣೂರಿನಿಂದ ಕೊಡಗಿನ ಮೂಲಕ ಬಂದ ಬಾಂಬೆ ಸೈನ್ಯದೊಂದಿಗೆ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದು, ಕೋಟೆ ಬಿದ್ದ ಮೇಲೆ ಹಂಚಿದ ಲೂಟಿಯ ಹಣದಲ್ಲಿ ಪಾಲು ಪಡೆದ. ಮಲ್‌ನಲ್ಲಿ ಜಮೀನು ಕೊಂಡು, ಬಾಂಬೆಯಲ್ಲಿ ಮದುವೆಯಾಗಿದ್ದ ಮೊದಲ ಹೆಂಡತಿ ಜೇನ್ ಜಾರ್ವಿಸ್ ನೆನಪಿಗೆ ಅದಕ್ಕೆ ಜಾರ್ವಿಸ್‌ಫೀಲ್ಡ್ ಎಂದು ಹೆಸರಿಟ್ಟ. 1824ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ದೇಹವನ್ನು ಇಲ್ಲಿಗೆ ತಂದು ಹೂಳಿದರು. ಆಸ್ಟ್ರೇಲಿಯದವರು ಹುಡುಕಿಕೊಂಡು ಬರುತ್ತಾರೆ. ಶ್ರೀರಂಗಪಟ್ಟಣದ ನಂಟಿನಿಂದ ಹೋಗಿ ನೋಡುವ ಕಾರಣ ನಮಗೂ ಇದೆ. ರಸ್ತೆಯಿಂದ ಸ್ವಲ್ಪವೇ ನಡಿಗೆ, ಅಮ್ಮನಿಗೂ ಆಗುತ್ತದೆ.

ಹಕ್ಕಿನೋಟ

ಲಾಕ್ ನಾ ಕೀಲ್ ಕಡೆ ಹೋದಾಗ ಕಡಲ ಹದ್ದನ್ನೂ ನೋಡಿ. ಬಿಳಿಬಾಲದ ಕಡಲ ಹದ್ದು ಬ್ರಿಟನ್ನಿನಲ್ಲಿ ಪೂರ್ತಿ ನಶಿಸಿತ್ತು. 1975ರಿಂದ ನಾರ್ವೆಯ ಮರಿಗಳನ್ನು ರಮ್ ದ್ವೀಪದಲ್ಲಿ ಬಿಟ್ಟರು, ಅದರ ಫಲವಾಗಿ ಕಾಡಿನಲ್ಲೇ ಹುಟ್ಟಿದ ಮೊದಲ ಮರಿ 1985ರಲ್ಲಿ ಗೂಡು ಬಿಟ್ಟು ಹಾರಿದ್ದು ಮಲ್‌ನಲ್ಲಿ. ರೆಕ್ಕೆ ಬಿಚ್ಚಿದರೆ 2.4 ಮೀಟರ್‌ವರೆಗೆ. ಮೇ ಕೊನೆಗೆ ಗೂಡಿನಲ್ಲಿ ಮರಿ ಇರುತ್ತದೆ, ಹತ್ತಿರ ಹೋಗುವುದು ಕಾನೂನಿಗೂ ವಿರುದ್ಧ. ರೇಂಜರ್ ಜೊತೆಗಿನ ಮಲ್ ಈಗಲ್ ವಾಚ್ ನಡಿಗೆ ಬುಕ್ ಮಾಡಿದರೆ ಟೆಲಿಸ್ಕೋಪಿನಲ್ಲಿ ತೋರಿಸುತ್ತಾರೆ, ಒಂಬತ್ತು ವರ್ಷದವರಿಗೆ ಬಹಳ ಒಳ್ಳೆಯದು.

ನೀರುನಾಯಿಗೆ ಲಾಕ್ ಸ್ಕ್ರಿಡೆನ್, ಲಾಕ್ ಸ್ಪೆಲ್ವ್ ದಡ. ಸರಿಯಾದ ಜಾಗದಲ್ಲಿ ಕಾರು ನಿಲ್ಲಿಸಿ ಒಳಗೇ ಕೂತು ಕಡಲಸಸ್ಯದ ಅಂಚನ್ನು ಬೈನಾಕ್ಯುಲರ್‌ನಲ್ಲಿ ನೋಡುತ್ತಿರಿ. ಇಳಿದು ಹಿಂಬಾಲಿಸಿದರೆ ಅದು ಬೇಟೆ ಬಿಟ್ಟು ಓಡುತ್ತದೆ. 8x42 ಬೈನಾಕ್ಯುಲರ್ ಒಂದಿದ್ದರೆ ಎಲ್ಲಕ್ಕೂ ಆಗುತ್ತದೆ.

ಕಚ್ಚುವ ಎರಡು ಜೀವಿ. ಮಿಜ್ ಎಂಬ ನುಸಿ ಮೇ ಕೊನೆಗೆ ಶುರುವಾಗುತ್ತಿರುತ್ತದೆ. ಗಾಳಿಯಿಲ್ಲದ ಮೋಡದ ಸಂಜೆ, ಜೌಗು ನೆಲ ಅದಕ್ಕಿಷ್ಟ. ಗಾಳಿ ಗಂಟೆಗೆ ಹತ್ತು ಕಿ.ಮೀ. ದಾಟಿದರೆ ಹಾರಲಾರದು. ತಲೆಗೆ ಬಲೆ ನಾಲ್ಕು ಕೊಳ್ಳಿ, ಸ್ಮಿಜ್ ಎಂಬ ಲೇಪ ಸಿಗುತ್ತದೆ. ಇನ್ನೊಂದು ಉಣುಗು. ಮಂಗನ ಕಾಯಿಲೆಯಿಂದಾಗಿ ಮಲೆನಾಡಿನವರಿಗೆ ಉಣುಗಿನ ಎಚ್ಚರ ಹೇಳಿಕೊಡಬೇಕಿಲ್ಲ, ಇಲ್ಲಿ ಅದು ಹರಡುವುದು ಲೈಮ್ ಎಂಬ ಬ್ಯಾಕ್ಟೀರಿಯಾ ರೋಗ. ಜರೀಗಿಡದ ನಡುವೆ ನಡೆದ ದಿನ ರಾತ್ರಿ ಮಂಡಿಯ ಹಿಂದೆ, ಸೊಂಟ, ಮಗಳ ಕೂದಲ ಬುಡ ನೋಡಿ. ಉಣುಗು ಕೀಳುವ ಪುಟ್ಟ ಕೊಕ್ಕೆ ಫಾರ್ಮಸಿಯಲ್ಲಿ ಸಿಗುತ್ತದೆ. ಎಣ್ಣೆ ಸವರುವುದು, ಬೆಂಕಿ ತಾಗಿಸುವುದು ಬೇಡ. ಆಮೇಲಿನ ವಾರಗಳಲ್ಲಿ ಚರ್ಮದ ಮೇಲೆ ಉಂಗುರದಂತೆ ಕೆಂಪು ಹರಡಿದರೆ ತಕ್ಷಣ ಡಾಕ್ಟರ್.

ತುಂಗಾತೀರ

ಇದನ್ನೆಲ್ಲ ಓದಿ ಹೀಗೆ ಹೊಂದಿಸಿದ್ದೇನೆ. ಶುಕ್ರವಾರ ರಾತ್ರಿ ಓಬನ್. ಶನಿವಾರ ಮಧ್ಯಾಹ್ನದ ಹಡಗು, ಬನೆಸನ್. ಭಾನುವಾರ ಬೆಳಗ್ಗೆ ಅಯೋನಾ. ಸೋಮವಾರ ಸ್ಟಾಫಾ. ಮಂಗಳವಾರ ಎರೆಡ್ ದ್ವೀಪಕ್ಕೆ ಮರಳ ಮೇಲೆ ನಡೆದುಹೋಗುವುದು. ಬುಧವಾರ ಗ್ರಿಬನ್, ಗ್ರುಲಿನ್ ನೋಡಿ ಟೋಬರ್ಮೋರಿ. ಗುರುವಾರ ಖಾಲಿ. ಶುಕ್ರವಾರ ಕಾಲ್ಗರಿ ಕಡಲತೀರ. ಶನಿವಾರ ವಾಪಸ್. ಬೆನ್ ಮೋರ್ ಬೆಟ್ಟ ಹತ್ತುವುದನ್ನು ಗುರುವಾರ ಸೇರಿಸಬಹುದೇ? ಸ್ಟಾಫಾ ದೋಣಿಗೆ ಅಮ್ಮ ಬರಬಹುದೇ?

ಉಪ್ಪುನೀರು

ಎರೆಡ್‌ಗೆ ದಿನ ನಿಗದಿ ಮಾಡಬೇಡಿ, ಉಬ್ಬರ ಇಳಿತ ನಿಗದಿ ಮಾಡುತ್ತದೆ. ನಾಕ್‌ವಾಲೊಗನ್ ಕಡೆಯಿಂದ ಮರಳ ದಾರಿ ತೆರೆದಿರುವುದು ಕಡಲು ಪೂರ್ತಿ ಇಳಿದ ಹೊತ್ತಿನ ಆಚೀಚೆ. ನೀರು ಇನ್ನೂ ಇಳಿಯುತ್ತಿರುವಾಗಲೇ ದಾಟಿ, ಏರಲು ಶುರುವಾದ ಒಂದು ಗಂಟೆಯೊಳಗೆ ಮರಳಿ. ಕೋಷ್ಟಕದಲ್ಲಿನ ಹೊತ್ತು ಗ್ರೀನಿಚ್ ಸಮಯವೋ ಬೇಸಿಗೆ ಸಮಯವೋ ನೋಡಿಕೊಳ್ಳಿ. ಒಂದು ಗಂಟೆಯ ವ್ಯತ್ಯಾಸವೇ ಜನ ಸಿಕ್ಕಿಬೀಳುವುದಕ್ಕೆ ಕಾರಣ. ಬರ್ಗ್‌ನ ಕಲ್ಲಾದ ಮರವನ್ನೂ ಯಾರಾದರೂ ಹೇಳಬಹುದು, 11 ಮೀಟರ್ ಎತ್ತರದ ಅದ್ಭುತ, ಆದರೆ ಇಡೀ ದಿನದ ಒರಟು ನಡಿಗೆ, ಕೊನೆಗೆ ಕಬ್ಬಿಣದ ಏಣಿ, ಅದೂ ಇಳಿತದಲ್ಲಿ ಮಾತ್ರ. ಈ ಸಲ ಬಿಟ್ಟುಬಿಡಿ.

ಸ್ಟಾಫಾಕ್ಕೆ ಫಿನ್ನಫರ್ಟ್‌ನಿಂದ ಹೊರಡುವ ಮೂರು ಗಂಟೆಯ ದೋಣಿ ಆರಿಸಿ, ಸುಮಾರು ಮುಕ್ಕಾಲು ಗಂಟೆ ಹೋಗಲು, ಅಷ್ಟೇ ಬರಲು, ದ್ವೀಪದಲ್ಲಿ ಒಂದು ಗಂಟೆ. ಅಮ್ಮ ಬರಲಿ, ಇಳಿದು ಮೆಟ್ಟಿಲು ಹತ್ತಬೇಕಿಲ್ಲ. ಎಲ್ಲರೂ ಮೇಲೆ ಹೋದಾಗ ದೋಣಿಯಲ್ಲೇ ಕೂರಲು ಬಿಡುತ್ತೀರಾ ಎಂದು ಬುಕ್ ಮಾಡುವಾಗಲೇ ಫೋನಿನಲ್ಲಿ ಕೇಳಿ. ಆಗದು ಎಂದರೆ ಒಬ್ಬರು ಅಮ್ಮನ ಜೊತೆ ಅಯೋನಾದಲ್ಲಿರಿ, ಇನ್ನೊಬ್ಬರು ಮಗಳ ಜೊತೆ ಹೋಗಿ. ದೋಣಿಯ ವಾಕರಿಕೆ ತಡೆಯುವ ಸಿನರಿಜಿನ್ ಮಾತ್ರೆಯನ್ನು ಹೊರಡುವ ಎರಡು ಗಂಟೆ ಮೊದಲು ನುಂಗಬೇಕು, ದೋಣಿ ಅಲುಗಾಡಿದ ಮೇಲೆ ನುಂಗಿದರೆ ಕೆಲಸ ಮಾಡದು. ಅಮ್ಮ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ಫಾರ್ಮಸಿಸ್ಟರನ್ನು ಕೇಳಿ.

ಕ್ಲೈಡ್ ಕನ್ನಡಿಗ

ಬೆನ್ ಮೋರ್ 966 ಮೀಟರ್. ಮುಳ್ಳಯ್ಯನಗಿರಿಯ ಅರ್ಧವೇ ಎನಿಸಬಹುದು, ಆದರೆ ಇಲ್ಲಿ ಹತ್ತುವುದು ಲಾಕ್ ನಾ ಕೀಲ್‌ನ ನೀರಿನ ಅಂಚಿನಿಂದ, ಅಷ್ಟೂ ಎತ್ತರ ಕಾಲಿನಲ್ಲೇ. ಡಿಶೇಗ್‌ನಿಂದ ಹೋಗಿಬರಲು ಐದಾರು ಗಂಟೆ, ಮೇಲೆ ಸಡಿಲ ಕಲ್ಲು. ಅಲ್ಲಿನ ಬಂಡೆಗಳಲ್ಲಿ ಅಯಸ್ಕಾಂತೀಯ ಗುಣವಿರುವುದರಿಂದ ಶಿಖರದ ಹತ್ತಿರ ದಿಕ್ಸೂಚಿ ತಪ್ಪು ತೋರಿಸುತ್ತದೆ, ಮಂಜು ಮುಸುಕಿದರೆ ಅದೇ ಅಪಾಯ. ಗುರುವಾರ ಸ್ಟಾಫಾಕ್ಕೆ ಕಾದಿಟ್ಟ ದಿನ, ಬೆನ್ ಮೋರ್‌ಗೆ ಕೊಡಬೇಡಿ. ಸೋಮವಾರವೇ ಸ್ಟಾಫಾ ಮುಗಿದು, ಗುರುವಾರ ಆಕಾಶ ತಿಳಿಯಾಗಿದ್ದರೆ ಮಾತ್ರ ಒಬ್ಬರು ಹೋಗಬಹುದು. ಮಳೆಯಾದರೆ ಗುರುವಾರಕ್ಕೆ ಟೋಬರ್ಮೋರಿಯಲ್ಲೇ ಅಕ್ವೇರಿಯಂ ಇದೆ. ಜೀವಿಗಳನ್ನು ಕೆಲವು ವಾರ ಇಟ್ಟುಕೊಂಡು ಮತ್ತೆ ಕಡಲಿಗೆ ಬಿಡುತ್ತಾರೆ. ಕಾರು ಮುಖ್ಯ ಬೀದಿಯಲ್ಲಿ ಬೇಡ, ಡಿಸ್ಟಿಲರಿ ಪಕ್ಕದ ಲೆಡೇಗ್ ಪಾರ್ಕಿಂಗ್‌ನಲ್ಲಿ ಬಿಡಿ.

ಉಳಿದ ಚಿಲ್ಲರೆ: ಓಬನ್‌ನಲ್ಲೇ ಟ್ಯಾಂಕ್ ತುಂಬಿಸಿ. ಗ್ಲೆನ್ ಮೋರ್ ಕಣಿವೆಯಲ್ಲಿ ಫೋನ್ ಸಿಗ್ನಲ್ ಹೋಗುತ್ತದೆ, ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ, ನಡೆಯುವ ಜಾಗಕ್ಕೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆಯ 373, 374 ಮತ್ತು 375 ಹಾಳೆ ಸಾಕು. ಕೊಡೆ ಬಿಟ್ಟು ಮಳೆ ಜಾಕೆಟ್ಟು, ಮಳೆ ಪ್ಯಾಂಟು ತನ್ನಿ. ಆಸ್ಪತ್ರೆ ಕ್ರೇಗ್ನ್ಯೂರ್‌ನಲ್ಲಿದೆ, ಚಿಕ್ಕದು, ಅಮ್ಮನ ಔಷಧಿ ಮೂರು ದಿನದ್ದು ಹೆಚ್ಚಿಗೆ ಇರಲಿ. ಅಮ್ಮನ ಪ್ರಯಾಣ ವಿಮೆಯಲ್ಲಿ ಮೊಣಕಾಲಿನ ವಿಷಯ ಬರೆಸಿ. ಮರಳುವ ಶನಿವಾರ ಬೆಳಗಿನ ಹಡಗೇ ಹಿಡಿಯಿರಿ, ಅದು ರದ್ದಾದರೂ ಅವತ್ತೇ ಇನ್ನೊಂದಕ್ಕೆ ಕಾಯಲು ಅವಕಾಶವಿರುತ್ತದೆ. ರೆಡಿಂಗ್‌ಗೆ ಮರಳುವ ವಿಮಾನ ಭಾನುವಾರಕ್ಕೆ ಇಡಿ, ಶನಿವಾರ ಸಂಜೆಗಲ್ಲ.